ಲಿಂಗಣ್ಣನ ಹಲ್ಲುನೋವು ಯಾವ ಭಾಷೆಯದು?

ಕಳೆದ ಭಾನುವಾರ ಬೆಳಿಗ್ಗೆ ಇಡ್ಲಿ ಪಾತ್ರೆಯ ಮುಚ್ಚಳ ತೆಗೆಯುವ ಹೊತ್ತಿಗೆ ಸರಿಯಾಗಿ ಫೋನ್ ಬಂತು. ಆ ಕಡೆ ಇಮ್ತಿಯಾಜ್ ಪಾಷ.

"ಮೇಡಂ, ನಮ್ ಚೀನಾದವ್ರು ಊಟಾನೇ ಬುಟ್ಬುಟ್ಟವ್ರೆ. ಒಸಿ ಬಂದು ಇಂಗ್ಲಿಷಲ್ಲಿ ವಿಚಾರಿಸಿ."

ಊಟ ಬಿಟ್ಟಿದ್ದಾರೆ ಅಂದರೇನು? ಮುನಿಸೇ? ಕಾಯಿಲೆಯೇ? ಮುಷ್ಕರವೇ? ನಾನು ಬಾಯಿ ತೆರೆಯುವ ಮೊದಲೇ ಅವರು ಫೋನ್ ಇಟ್ಟಾಗಿತ್ತು.

ಇಮ್ತಿಯಾಜ್ ರಾಮನಗರದಲ್ಲಿ ನಮ್ಮ ಪಕ್ಕದ ಬೀದಿಯವರು. ರೇಷ್ಮೆ ಗೂಡು ಬೇಯಿಸಿ ನೂಲು ತೆಗೆಯುವುದು ಅವರ ಮನೆತನದ ಕಸುಬು. ಅವರ ಮಗಳಿಗೆ ನಾನು ಹೈಸ್ಕೂಲಿನಲ್ಲಿ ಇಂಗ್ಲಿಷ್ ಪಾಠ ಮಾಡಿದ್ದೆ. ಅಂದಿನಿಂದ ಆ ಮನೆಗೆ ಇಂಗ್ಲಿಷಿನಲ್ಲಿ ಏನೇ ಬಂದರೂ ಅದು ನನ್ನ ಪಾಲಿಗೆ. ಗ್ಯಾಸ್ ಗೀಸರಿನ ಮ್ಯಾನ್ಯುಯಲ್ ಕೂಡ. ಈ ವರ್ಷ ಅವರು ಹಳೆಯ ಮಷೀನುಗಳನ್ನು ತೆಗೆದುಹಾಕಿ ಚೀನಾದಿಂದ ಒಂದು ಆಟೋಮ್ಯಾಟಿಕ್ ರೀಲಿಂಗ್ ಮಷೀನ್ ತರಿಸಿದರು. ಅದನ್ನು ಜೋಡಿಸಿ ಓಡಿಸಿಕೊಡಲು ಅಲ್ಲಿಂದಲೇ ಒಬ್ಬ ಟೆಕ್ನೀಷಿಯನ್ ಬಂದರು. ಹೆಸರು ಲಿನ್. ವಯಸ್ಸು ಅರವತ್ತಕ್ಕೆ ಹತ್ತಿರ. ಇಮ್ತಿಯಾಜ್ ಮನೆಯ ಮಹಡಿಯ ರೂಮಿನಲ್ಲಿ ವಾಸ.

ಬಂದ ಎರಡೇ ದಿನಕ್ಕೆ ಕೆಲಸಗಾರರು ಅವರಿಗೆ ಲಿಂಗಣ್ಣ ಅಂತ ನಾಮಕರಣ ಮಾಡಿಬಿಟ್ಟರು. ಅವರಿಗೂ ಅದು ಹಿಡಿಸಿತೆಂದು ಕಾಣುತ್ತದೆ. ಕರೆದರೆ ತಿರುಗಿ ನಗುತ್ತಿದ್ದರು.

ನಾನು ಹೋಗುವಷ್ಟರಲ್ಲಿ ಮನೆಯಲ್ಲಿ ಪಂಚಾಯಿತಿಯೇ ಸೇರಿತ್ತು. ಇಮ್ತಿಯಾಜರ ಹೆಂಡತಿ ಶಬಾನ ಅಡುಗೆಮನೆಯ ಬಾಗಿಲಲ್ಲಿ ಮುಖ ಸಣ್ಣದು ಮಾಡಿಕೊಂಡು ನಿಂತಿದ್ದರು. ಅತಿಥಿಗೆ ತನ್ನ ಕೈ ಅಡುಗೆ ಸೇರುತ್ತಿಲ್ಲ ಅನ್ನುವುದು ಅವರ ಸಂಕಟ. ಮೊದಲು ಮೆಣಸಿನಕಾಯಿ ಬಿಟ್ಟರಂತೆ. ಆಮೇಲೆ ಮಸಾಲೆ ಬಿಟ್ಟರಂತೆ. ಕೊನೆಗೆ ಅಂಗಡಿಯಿಂದ ನೂಡಲ್ಸ್ ತರಿಸಿ ಬರೀ ಉಪ್ಪುನೀರಿನಲ್ಲಿ ಬೇಯಿಸಿ ಕೊಟ್ಟರಂತೆ. ಲಿನ್ ಅದನ್ನೂ ಮುಟ್ಟದೆ, ಲೋಟದಲ್ಲಿ ಗಂಜಿ ಕುಡಿದು, ಕೈ ಮುಗಿದು, ನಗುತ್ತಾ ಮಹಡಿ ಹತ್ತಿದರಂತೆ.

ಲಿನ್ ಜೊತೆ ಕೈಸನ್ನೆಯಲ್ಲೇ ಕೆಲಸ ಮಾಡುವ ಫಿಟ್ಟರ್ ಸಿದ್ದರಾಜುವಿನ ಅಭಿಪ್ರಾಯ ಬೇರೆ. ಅವನು ಕೂಟಗಲ್ಲಿನವನು. "ಅವ್ರ್ಗೆ ಉಷ್ಣ ಆಗೈತೆ ಕಣ್ ಮೇಡಂ. ದಿನಾ ಬಿಸ್ನೀರ್ ತೊಟ್ಟಿ ಮುಂದೇನೆ ನಿಂತಿರ್ತಾರಲ್ಲ" ಅಂದ. ಈಗಾಗಲೇ ಎರಡು ಎಳನೀರು ಕುಡಿಸಿದ್ದನಂತೆ. ಇಮ್ತಿಯಾಜರಿಗೆ ಮಾತ್ರ ಇದು ಮನೆಯವರ ನೆನಪು ಅನಿಸಿತ್ತು.

ಮೂರು ಜನ, ಮೂರು ಡಯಾಗ್ನೋಸಿಸ್. ಸರಿ, ನಾಲ್ಕನೆಯವಳು ನಾನು ಮಹಡಿ ಹತ್ತಿದೆ.

ಲಿನ್ ಮಂಚದ ಅಂಚಿನಲ್ಲಿ ಕೂತಿದ್ದರು. ಎಡಗೆನ್ನೆಗೆ ಒದ್ದೆ ಟವೆಲ್. ನನ್ನನ್ನು ಕಂಡು ಎದ್ದು ತಲೆಬಾಗಿದರು. ಕೊನೆಯ ಬೆಂಚಿನವರಿಗೂ ಕೇಳುವ ಹಾಗೆ, ಒಂದೊಂದೇ ಪದ ಬಿಡಿಸಿ, ಏನು ತೊಂದರೆ ಅಂತ ಇಂಗ್ಲಿಷಿನಲ್ಲಿ ಕೇಳಿದೆ. ಅವರು ಅರ್ಧ ಬಾಯಲ್ಲಿ ನಕ್ಕು "ಓಕೆ" ಅಂದರು. ಇನ್ನೂ ಜೋರಾಗಿ ಕೇಳಿದೆ. "ಓಕೆ, ಓಕೆ" ಅಂದರು. ಅವರಿಗೆ ಬರುವ ಇಂಗ್ಲಿಷ್ ಅಂದರೆ ಓಕೆ ಮತ್ತು ಮೋಟರ್, ಎರಡೇ ಅಂತ ಸಿದ್ದರಾಜು ಹಿಂದಿನಿಂದ ಹೇಳಿದ.

(ವಿದೇಶದವರು ಅಂದರೆ ಇಂಗ್ಲಿಷ್ ಬಂದೇ ಬರುತ್ತದೆ ಅಂತ ಈ ಊರಿಗೆ ಯಾರು ಕಲಿಸಿದರೋ. ನಾನೇ ಇರಬೇಕು.)

ಲಿನ್ ಫೋನ್ ತೆಗೆದು ಅದರೊಳಗೆ ಏನೋ ಹೇಳಿದರು. ಅನುವಾದದ ಆ್ಯಪ್. ಕ್ಷಣ ಬಿಟ್ಟು ಒಂದು ಹೆಣ್ಣು ದನಿ, ವಾರ್ತೆ ಓದುವವರ ಗತ್ತಿನಲ್ಲಿ ಹೇಳಿತು: "ನನ್ನ ಬುದ್ಧಿವಂತ ಹಲ್ಲಿನಲ್ಲಿ ಬೆಂಕಿ ಏರಿದೆ."

ಬೆಂಕಿ ಅನ್ನುವುದಷ್ಟೇ ಕಿವಿಗೆ ಬಿದ್ದು ಸಿದ್ದರಾಜು ದಡದಡನೆ ಮೆಟ್ಟಿಲಿಳಿದು ರೀಲಿಂಗ್ ಯೂನಿಟ್ಟಿನ ಕಡೆ ಓಡಿದ. ನಮಗೆ ಉಳಿದದ್ದು ಹಲ್ಲು. ಅಂತೂ ಹಲ್ಲುನೋವು! ಟವೆಲ್ ತೆಗೆದು ನೋಡಿದರೆ ದವಡೆಯ ಕೆಳಗೆ ಊದಿಕೊಂಡಿತ್ತು. ಹಣೆ ಮುಟ್ಟಿದರೆ ಜ್ವರ.

ಹಲ್ಲುನೋವು ಅಂತ ಗೊತ್ತಾದ ಮೇಲೆ ಕೆಲಸ ಸುಲಭವಾಗಬೇಕಿತ್ತು. ಅಲ್ಲವೇ? ಬೇರೆ ಯಾರಾದರೂ ಆಗಿದ್ದರೆ ಸ್ಕೂಟರಿನಲ್ಲಿ ಕೂರಿಸಿಕೊಂಡು ಹೋಗುತ್ತಿದ್ದೆವು. ಆದರೆ ಇವರು ಹೊರದೇಶದವರು. ಅಷ್ಟಕ್ಕೇ ನಮಗೆಲ್ಲ ಬುದ್ಧಿ ಮಂಕಾಯಿತು.

ಬೇರೆ ದೇಶದವರ ಬಾಯಿಗೆ ಇಲ್ಲಿನ ಸಣ್ಣ ಕ್ಲಿನಿಕ್ಕಿನವರು ಕೈ ಹಾಕಬಹುದೋ ಇಲ್ಲವೋ ಅಂತ ಇಮ್ತಿಯಾಜರಿಗೆ ಅನುಮಾನ. ಪೊಲೀಸ್ ಸ್ಟೇಷನ್ನಿಗೆ ತಿಳಿಸಬೇಕೇ? ಎಂಬೆಸಿಗೆ ಫೋನ್ ಮಾಡಬೇಕೇ? ಹಲ್ಲು ಕೀಳುವಾಗ ಹೆಚ್ಚುಕಮ್ಮಿ ಆದರೆ ಎರಡು ದೇಶಗಳ ನಡುವೆ ಗಲಾಟೆ ಆಗುತ್ತದೇನೋ ಅನ್ನುವವರೆಗೆ ಅವರ ಯೋಚನೆ ಹೋಗಿತ್ತು. ಬೆಂಗಳೂರಿನ ಯಾವುದಾದರೂ ಗಾಜಿನ ಗೋಡೆಯ ಆಸ್ಪತ್ರೆಗೇ ಹೋಗಿಬಿಡೋಣ ಅನ್ನುವುದು ಅವರ ವಾದ. ಗಾಜಿನ ಗೋಡೆಗೂ ಹಲ್ಲಿನ ಬೇರಿಗೂ ಏನು ಸಂಬಂಧ ಅಂತ ನಾನು ಕೇಳಲಿಲ್ಲ. ಆ ಹೊತ್ತಿಗೆ ನನಗೂ ಏನೋ ಸಂಬಂಧ ಇರಬಹುದು ಅನಿಸಿತ್ತು.

ನಾನು ಹಿಡಿದುಕೊಂಡದ್ದು ಇನ್ಶೂರೆನ್ಸ್ ಬಾಲ. ಕಂಪನಿಯವರು ಇಷ್ಟು ದೂರ ಕಳಿಸುವಾಗ ಎಲ್ಲಕ್ಕೂ ಇನ್ಶೂರೆನ್ಸ್ ಮಾಡಿಸಿರುತ್ತಾರೆ, ಅವರೇ ಡಾಕ್ಟರನ್ನು ಹೇಳುತ್ತಾರೆ, ನಾವೇಕೆ ತಲೆಕೆಡಿಸಿಕೊಳ್ಳಬೇಕು ಅಂದೆ. ಮಷೀನ್ ತರಿಸಿಕೊಟ್ಟ ಬೆಂಗಳೂರಿನ ಏಜೆಂಟಿಗೆ ಫೋನ್ ಹಚ್ಚಿದೆವು. ಆತ ಪಾಪ, ಭಾನುವಾರ ನಿದ್ದೆಗಣ್ಣಲ್ಲೇ ವಿಚಾರಿಸಿ ಹೇಳಿದ: ಇನ್ಶೂರೆನ್ಸ್ ಇದೆ, ಅಪಘಾತಕ್ಕೆ. ಬಿದ್ದು ಹಲ್ಲು ಮುರಿದುಕೊಂಡಿದ್ದರೆ ಏನಾದರೂ ನೋಡಬಹುದಿತ್ತು. ತಾನಾಗಿ ಹುಳುಕಾದ ಹಲ್ಲಿಗೆ ಇಲ್ಲ.

ಅಂದರೆ ಹಲ್ಲು ದೇಹದ ಭಾಗವಲ್ಲವೇ? ಬಿದ್ದಾಗ ಮಾತ್ರ ಭಾಗವೇ? ನನಗೆ ಇವತ್ತಿಗೂ ಅರ್ಥವಾಗಿಲ್ಲ.

ಅಷ್ಟರಲ್ಲಿ ಬೆಂಕಿ ಎಲ್ಲೂ ಇಲ್ಲ ಅಂತ ಖಾತರಿ ಮಾಡಿಕೊಂಡು ಸಿದ್ದರಾಜು ವಾಪಸ್ ಬಂದ. ವಿಷಯ ತಿಳಿದು, ಹಿಂದಿನ ಸಂಜೆ ಲಿನ್ ಕೆನ್ನೆ ಹಿಡಿದುಕೊಂಡಿದ್ದನ್ನು ಕಂಡು ತಾನು ಮೆಡಿಕಲ್ ಸ್ಟೋರಿನಿಂದ ಮಾತ್ರೆ ತಂದುಕೊಟ್ಟಿದ್ದೆ ಅಂದ. ಕೆನ್ನೆ ಹಿಡಿದುಕೊಂಡರೆ ಹಲ್ಲು ಅಂತ ಆಗಲೇ ಹೊಳೆಯಲಿಲ್ಲವೇ ಅಂತ ಇಮ್ತಿಯಾಜ್ ರೇಗಿದರು. ಉಷ್ಣಕ್ಕೂ ಕೆನ್ನೆ ಊದುತ್ತದಲ್ಲ ಅಂತ ಅವನು ಸಮಜಾಯಿಷಿ ಕೊಟ್ಟ. ಮಾತ್ರೆ ಎಲ್ಲಿ ಅಂತ ಸನ್ನೆ ಮಾಡಿದಾಗ ಲಿನ್ ಶರ್ಟಿನ ಜೇಬಿನಿಂದ ಮಾತ್ರೆಯ ಸ್ಟ್ರಿಪ್ ತೆಗೆದು ತೋರಿಸಿದರು. ಒಂದನ್ನೂ ನುಂಗಿರಲಿಲ್ಲ. ನಗುತ್ತಾ ಮತ್ತೆ ಜೇಬಿಗೆ ಸೇರಿಸಿದರು.

"ನಮ್ ಊಟಾನೂ ಬೇಡ, ನಮ್ ಮಾತ್ರೇನೂ ಬೇಡ" ಅಂತ ಇಮ್ತಿಯಾಜ್ ನಿಟ್ಟುಸಿರು ಬಿಟ್ಟರು. ಅವರಿಗೆ ನಿಜವಾಗಿಯೂ ನೋವಾಗಿತ್ತು.

ಲಿನ್ ಮತ್ತೆ ಫೋನಿಗೆ ಹೇಳಿದರು. ಹೆಣ್ಣು ದನಿ ಓದಿತು: "ನಾನು ಸಹಿಸುತ್ತೇನೆ. ಯಂತ್ರ ತಿರುಗಿದ ಮೇಲೆ ಮನೆಗೆ ಹೋಗಿ ನನ್ನ ಹಲ್ಲಿನ ವೈದ್ಯರನ್ನು ನೋಡುತ್ತೇನೆ."

ಯಂತ್ರ ತಿರುಗಲು ಇನ್ನೂ ಎರಡು ವಾರವಾದರೂ ಬೇಕು. ಊದಿದ ದವಡೆ ಅಲ್ಲಿಯವರೆಗೆ ಕಾಯುತ್ತದೆಯೇ? ಇಲ್ಲೇ ಪಕ್ಕದಲ್ಲಿ ಒಳ್ಳೆಯ ಡಾಕ್ಟರ್ ಇದ್ದಾರೆ ಅಂತ ನಾನು ಆ್ಯಪಿಗೆ ಹೇಳಿದೆ. ಅದು ಚೀನೀ ಭಾಷೆಯಲ್ಲಿ ಏನು ಹೇಳಿತೋ ದೇವರಿಗೇ ಗೊತ್ತು. ಲಿನ್ ತಲೆ ಅಲ್ಲಾಡಿಸಿದರು. ಆಮೇಲೆ ಹಿಂಜರಿಯುತ್ತಾ ಫೋನಿನಲ್ಲಿ ಒಂದು ವಿಡಿಯೋ ತೋರಿಸಿದರು. ನಮ್ಮ ದೇಶದ ಯಾವುದೋ ಊರಿನ ಫುಟ್‌ಪಾತ್. ನೆಲದ ಮೇಲೆ ಬಟ್ಟೆ ಹಾಸಿ, ಹಲ್ಲುಗಳ ರಾಶಿ ಇಟ್ಟುಕೊಂಡು ಒಬ್ಬಾತ ಕೂತಿದ್ದಾನೆ. ಕೈಯಲ್ಲಿ ಇಕ್ಕಳ. ಎದುರಿಗೆ ಬಾಯಿ ತೆರೆದ ಗಿರಾಕಿ.

ಓಹೋ. ಇವರ ತಲೆಯಲ್ಲಿ ಇಂಡಿಯಾದ ಡೆಂಟಿಸ್ಟ್ ಅಂದರೆ ಇದು!

ನನಗೆ ಸಿಟ್ಟು ಬಂತು. ನಮ್ಮನ್ನು ಏನೆಂದುಕೊಂಡಿದ್ದಾರೆ ಅಂತ ಒಳಗೇ ಕುದಿದೆ. ಮರುಗಳಿಗೆಯೇ ನೆನಪಾಯಿತು, ಮಹಡಿ ಹತ್ತುವಾಗ ಇವರು ಹಾವಿನ ಸಾರು ಸಿಗದೆ ಊಟ ಬಿಟ್ಟಿರಬಹುದೇ ಅಂತ ನಾನೂ ಒಂದು ಕ್ಷಣ ಯೋಚಿಸಿದ್ದೆ. (ಇದನ್ನು ಶಬಾನ ಓದುವುದಿಲ್ಲ ಅಂದುಕೊಂಡಿದ್ದೇನೆ.) ಅವರ ಫೋನಿಗೊಂದು ವಿಡಿಯೋ, ನಮ್ಮ ಫೋನಿಗೊಂದು ವಿಡಿಯೋ. ಹಂಚುವವನು ಒಬ್ಬನೇ ಇರಬೇಕು.

ಕೊನೆಗೆ ದಾರಿ ತೋರಿಸಿದ್ದು ಇಮ್ತಿಯಾಜ್. ಏನೂ ಹೇಳದೆ ಲಿನ್ ಎದುರು ಕೂತು ಬಾಯಿ ಅಗಲಿಸಿದರು. ಒಳಗಿನ ಕ್ಯಾಪ್ ಹಾಕಿದ ಹಲ್ಲು ತೋರಿಸಿ, ಕಿಟಕಿಯಾಚೆ ಬೀದಿಯ ಕಡೆ ಬೊಟ್ಟು ಮಾಡಿ, ಎದೆ ಮುಟ್ಟಿಕೊಂಡರು. ಇಲ್ಲೇ ಮಾಡಿಸಿದ್ದು, ಚೆನ್ನಾಗಿದೆ ಅನ್ನುವ ಅರ್ಥ. ಸಿದ್ದರಾಜುವೂ ಉತ್ಸಾಹದಿಂದ ಬಾಯಿ ತೆರೆದ. ಅವನದು ಎರಡು ಹಲ್ಲು ಕಿತ್ತ ಖಾಲಿ ಜಾಗ. ನಾನು ಬೇಗ ಅವನನ್ನು ಪಕ್ಕಕ್ಕೆ ಸರಿಸಿದೆ.

ಲಿನ್ ಬಹಳ ಹೊತ್ತು ಇಮ್ತಿಯಾಜರ ಬಾಯನ್ನೇ ನೋಡಿದರು. ಮಷೀನಿನ ಗೇರ್ ನೋಡುವ ಹಾಗೆ. ಆಮೇಲೆ "ಓಕೆ" ಅಂದರು. ಒಪ್ಪಿಗೆಯ ಓಕೆಯೋ, ಬಾಯಿ ಮುಚ್ಚಿ ಅನ್ನುವ ಓಕೆಯೋ? ನಾವು ಒಪ್ಪಿಗೆ ಅಂದುಕೊಂಡು ಹೊರಟೆವು.

ಡಾಕ್ಟರ್ ಪೂರ್ಣಿಮಾ ಕನಕಪುರದ ಹುಡುಗಿ. ಮದುವೆಯಾಗಿ ಬಂದು ರಾಮನಗರದಲ್ಲೇ ಕ್ಲಿನಿಕ್ ಇಟ್ಟವರು. ಭಾನುವಾರ ಮಧ್ಯಾಹ್ನದವರೆಗೆ ಇರುತ್ತಾರೆ. ಹೊರದೇಶದವರು, ಪರ್ಮಿಷನ್ ಏನಾದರೂ ಬೇಕೇ ಅಂತ ಇಮ್ತಿಯಾಜ್ ಕೇಳಿದ್ದಕ್ಕೆ, ಬಾಯಿ ತೆರೆದರೆ ಸಾಕು ಅಂದರು. ಎಕ್ಸ್‌ರೇ ತೆಗೆದರು. ನೋವು ಬುದ್ಧಿ ಹಲ್ಲಿನದೇ ಅಲ್ಲ, ಅದರ ಪಕ್ಕದ ದವಡೆ ಹಲ್ಲಿನದು. ಒಳಗೇ ಹುಳುಕು ಹಿಡಿದು ಬೇರಿನ ತುದಿಯಲ್ಲಿ ಕೀವು ಕಟ್ಟಿದೆ, ಇವತ್ತೇ ತೆರೆಯಬೇಕು ಅಂದರು.

ಶುರು ಮಾಡುವ ಮೊದಲು ಯಾವುದಾದರೂ ಔಷಧಿ ಆಗಿಬರುವುದಿಲ್ಲವೇ ಅಂತ ಆ್ಯಪಿನ ಮೂಲಕ ಕೇಳಿದರು. ಲಿನ್ ಹೌದೆಂದು ತಲೆ ಆಡಿಸಿದರು. ಆಮೇಲೆ ಇಲ್ಲವೆಂದೂ ಆಡಿಸಿದರು. ಕೊನೆಗೆ ಎಡಗೈ ತೋಳು ಮೇಲೆ ಮಾಡಿ ಮುಂಗೈ ಒಳಭಾಗವನ್ನು ಬೆರಳಿನಿಂದ ಕುಟ್ಟಿ ಕುಟ್ಟಿ ತೋರಿಸಿ ಏನೋ ಹೇಳಿದರು.

ಫೋನ್ ಓದಿತು: "ಮೊದಲು ಚರ್ಮವನ್ನು ಪ್ರಯತ್ನಿಸಿ."

ಚರ್ಮವನ್ನು ಪ್ರಯತ್ನಿಸುವುದು ಅಂದರೇನು? ಪೂರ್ಣಿಮಾ ನನ್ನ ಮುಖ ನೋಡಿದರು. ನಾನು ಇಮ್ತಿಯಾಜ್ ಮುಖ ನೋಡಿದೆ. ಚರ್ಮ ಸುಲಿಯುತ್ತಾರೆ ಅಂತ ಭಯವೇನೋ ಅಂತ ಸಿದ್ದರಾಜು ಪಿಸುಗುಟ್ಟಿದ. ಲಿನ್ ಎಡಗೈ ಕುಟ್ಟುತ್ತಲೇ ಇದ್ದರು. ಹಣೆಯಲ್ಲಿ ಬೆವರು.

ಪೂರ್ಣಿಮಾ ಮುಖ ಗಂಭೀರವಾಯಿತು. ಬಿಪಿ ನೋಡಿದರು, ಜಾಸ್ತಿ ಇತ್ತು. ನನ್ನನ್ನು ಪಕ್ಕಕ್ಕೆ ಕರೆದು, ಈ ವಯಸ್ಸಿನವರಿಗೆ ದವಡೆ ನೋವು, ಎಡಗೈ ನೋವು, ಬೆವರು ಮೂರೂ ಒಟ್ಟಿಗೆ ಬಂದರೆ ಹಲ್ಲು ಮುಟ್ಟುವ ಮೊದಲು ಹೃದಯ ನೋಡಿಸಬೇಕು ಅಂದರು. ಕೀವು ಇರುವುದು ನಿಜ, ಆದರೆ ಅದರ ಜೊತೆ ಇನ್ನೊಂದು ಇಲ್ಲ ಅಂತ ಹೇಗೆ ಹೇಳುವುದು?

ಹಲ್ಲುನೋವಿಗೆ ಅಂತ ಕರೆತಂದು ಇದೆಲ್ಲಿಗೆ ಬಂತು? ಎರಡು ಕಟ್ಟಡದಾಚೆ ಇರುವ ನರ್ಸಿಂಗ್ ಹೋಮಿಗೆ ಲಿನ್ ಅವರನ್ನು ವೀಲ್‌ಚೇರಿನಲ್ಲಿ ಕೂರಿಸಿ ತಳ್ಳಿಕೊಂಡು ಹೋದೆವು. ಅವರು ಕೆಳಗಿಳಿಯಲು ನೋಡಿದರು. ಇಮ್ತಿಯಾಜ್ ಭುಜ ಒತ್ತಿ ಕೂರಿಸಿದರು. ಶರ್ಟ್ ಬಿಚ್ಚಿಸಿ, ಎದೆಗೆ ವೈರ್ ಅಂಟಿಸಿ, ಇಸಿಜಿ ತೆಗೆದರು. ಲಿನ್ ಛಾವಣಿ ನೋಡುತ್ತಾ ಮಲಗಿದ್ದರು. ಮುಖದಲ್ಲಿ ಅದೇ ನಗು.

ಇಸಿಜಿ ನಾರ್ಮಲ್ ಬಂತು. ಅಲ್ಲಿನ ಡಾಕ್ಟರ್ ಪರೀಕ್ಷೆ ಮಾಡಿ, ಹೃದಯಕ್ಕೆ ಏನೂ ಆಗಿಲ್ಲ ಅಂತ ಖಾತರಿ ಕೊಟ್ಟು ವಾಪಸ್ ಕಳಿಸಿದರು. ನಮಗೆ ಹೋದ ಜೀವ ಬಂದಂತಾಯಿತು. ಲಿನ್ ಅವರಿಗೆ ಮಾತ್ರ ಇದ್ದ ಜೀವವೂ ಹೋದಂತಿತ್ತು. ಕ್ಲಿನಿಕ್ಕಿನ ಬೆಂಚಿನ ಮೇಲೆ ಕೂತು ಯಾರಿಗೋ ಫೋನ್ ಮಾಡಿದರು. ದನಿ ನಡುಗುತ್ತಿತ್ತು. ಸ್ವಲ್ಪ ಹೊತ್ತಾದ ಮೇಲೆ ಫೋನನ್ನು ನನ್ನ ಕೈಗೆ ಕೊಟ್ಟರು.

ಪರದೆಯ ಮೇಲೆ ಒಬ್ಬಳು ಹುಡುಗಿ. ಅಳುತ್ತಿದ್ದಳು. ಇಂಗ್ಲಿಷಿನಲ್ಲಿ ಕೇಳಿದಳು: "ನಾನು ಅವರ ಮಗಳು. ಹಲ್ಲಿಗೆ ಅಂತ ಕರ್ಕೊಂಡು ಹೋಗಿ ಎದೆಗೆ ವೈರ್ ಯಾಕೆ ಹಾಕಿದಿರಿ? ಅಪ್ಪ ಸಾಯ್ತಿದ್ದಾರಾ?"

ಇಷ್ಟು ವರ್ಷ ಪಾಠ ಮಾಡಿದ ಇಂಗ್ಲಿಷ್ ಆ ಗಳಿಗೆ ನನ್ನ ನಾಲಿಗೆಗೆ ಬರಲಿಲ್ಲ. ಇಲ್ಲಮ್ಮಾ ಇಲ್ಲಮ್ಮಾ ಅಂತ ಕನ್ನಡದಲ್ಲೇ ಎರಡು ಸಲ ಹೇಳಿದೆ. ಆಮೇಲೆ ಸುಧಾರಿಸಿಕೊಂಡು, ನಿಮ್ಮ ತಂದೆ ಎಡಗೈ ನೋಯುತ್ತಿದೆ ಅಂತ ತೋರಿಸಿದರು, ಅದಕ್ಕೆ ಹೃದಯ ನೋಡಿಸಿದೆವು, ಏನೂ ತೊಂದರೆಯಿಲ್ಲ ಅಂತ ವಿವರಿಸಿದೆ. ಅವಳು ಅಪ್ಪನ ಜೊತೆ ಒಂದಷ್ಟು ಮಾತಾಡಿದಳು. ಮತ್ತೆ ನನ್ನ ಕಡೆ ತಿರುಗಿದಾಗ ಅಳುವಿನ ನಡುವೆಯೇ ನಗು ಬಂದಿತ್ತು.

ಅಪ್ಪನಿಗೆ ಕೈ ನೋವೇ ಇಲ್ಲ ಅಂದಳು. ಅವರು ಕೇಳುತ್ತಿದ್ದುದು ಪರೀಕ್ಷೆ. ಅವರ ಕಡೆ ಪೆನ್ಸಿಲಿನ್ ಜಾತಿಯ ಔಷಧಿ ಕೊಡುವ ಮೊದಲು ಮುಂಗೈ ಚರ್ಮದೊಳಗೆ ಒಂದು ತೊಟ್ಟು ಹಾಕಿ, ಊದುತ್ತದೆಯೇ ಅಂತ ಕಾದು ನೋಡುತ್ತಾರಂತೆ. ಪ್ರಾಯದಲ್ಲಿ ಒಮ್ಮೆ ಆ ಪರೀಕ್ಷೆ ಮಾಡದೆ ಕೊಟ್ಟ ಇಂಜೆಕ್ಷನ್ನಿನಿಂದ ಲಿನ್ ಉಸಿರುಗಟ್ಟಿ ಬಿದ್ದು, ಹೇಗೋ ಉಳಿದುಕೊಂಡವರಂತೆ. ಎಲ್ಲ ಕಡೆಯೂ ಹೀಗೆ ಕೈ ನೋಡಿಯೇ ಔಷಧಿ ಕೊಡುತ್ತಾರೆ, ತೋಳು ತೋರಿಸಿದರೆ ಯಾವ ದೇಶದ ಡಾಕ್ಟರಿಗಾದರೂ ಅರ್ಥವಾಗುತ್ತದೆ ಅಂತ ಅವರು ನಂಬಿದ್ದರು.

ನಾನು ಕನ್ನಡದಲ್ಲಿ ಹೇಳುತ್ತಿದ್ದ ಹಾಗೆ ಪೂರ್ಣಿಮಾ ಸರಕ್ಕನೆ ಲಿನ್ ಕಡೆ ತಿರುಗಿ, ಜೇಬಿನಿಂದ ಇಣುಕುತ್ತಿದ್ದ ಮಾತ್ರೆಯ ಸ್ಟ್ರಿಪ್ ತೆಗೆದು ಓದಿದರು. ಓದಿ, ಸ್ಟೂಲಿನ ಮೇಲೆ ಕೂತುಬಿಟ್ಟರು. ಅದು ಅದೇ ಜಾತಿಯ ಔಷಧಿ.

ಸಿದ್ದರಾಜುವಿನ ಮುಖ ಬಿಳಿಚಿಕೊಂಡಿತ್ತು.

"ನಾನ್ ತಂದ್ಕೊಟ್ಟ ಮಾತ್ರೆ... ನುಂಗ್ಬುಟ್ಟಿದ್ರೆ ಏನಾಗ್ತಿತ್ತು ಡಾಕ್ಟ್ರೆ?"

"ನುಂಗಿಲ್ವಲ್ಲ" ಅಂದರು ಪೂರ್ಣಿಮಾ. "ಇನ್ಮೇಲೆ ಹೀಗೆ ತಂದು ಕೊಡಬೇಡಿ. ಯಾರಿಗೂ."

ನಮ್ಮ ಮಾತ್ರೆಯ ಮೇಲೆ ನಂಬಿಕೆಯಿಲ್ಲ ಅಂತ ಮುನಿಸಿಕೊಂಡಿದ್ದ ಇಮ್ತಿಯಾಜ್ ಎರಡೂ ಕೈಯಿಂದ ಮುಖ ಒರೆಸಿಕೊಂಡರು. ಲಿನ್ ಅವರಿಗೆ ಸ್ಟ್ರಿಪ್ ಮೇಲಿನ ಹೆಸರು ಓದಲು ಬಂದಿರಲಿಲ್ಲ, ಅಷ್ಟೇ. ಕೊಟ್ಟವನ ಮನಸ್ಸು ನೋಯಬಾರದು ಅಂತ ಜೇಬಿನಲ್ಲಿ ಇಟ್ಟುಕೊಂಡಿದ್ದರು.

ಮಗಳು ಇನ್ನೂ ಫೋನಿನಲ್ಲಿದ್ದಳು. ತುಂಬಾ ಸಂಕೋಚಪಟ್ಟುಕೊಂಡು, ಅಲ್ಲಿರುವವರು ನಿಜವಾದ ಡಾಕ್ಟರೇ ಅಂತ ಕೇಳಿದಳು. ನನಗೆ ಮತ್ತೆ ಸಿಟ್ಟು ಬರಬೇಕಿತ್ತು, ಬರಲಿಲ್ಲ. ಪೂರ್ಣಿಮಾ ತಾವೇ ಫೋನ್ ತೆಗೆದುಕೊಂಡರು. ಗೋಡೆಯ ಮೇಲಿನ ಸರ್ಟಿಫಿಕೇಟ್ ತೋರಿಸಿದರು. ಸ್ಟೆರಿಲೈಸ್ ಮಾಡಿಟ್ಟ ಸಾಮಾನಿನ ಸೀಲ್ಡ್ ಪೊಟ್ಟಣವನ್ನು ಅವಳ ಕಣ್ಣೆದುರೇ ಹರಿದರು. ಏನು ಮಾಡುತ್ತೇನೆ, ಯಾವ ಔಷಧಿ ಕೊಡುವುದಿಲ್ಲ, ಬದಲಿಗೆ ಯಾವುದು ಕೊಡುತ್ತೇನೆ ಎಲ್ಲವನ್ನೂ ನಿಧಾನವಾಗಿ ಹೇಳಿದರು. ಮರಗಟ್ಟಿಸುವ ಇಂಜೆಕ್ಷನ್ ಮೊದಲು ಯಾವಾಗಲಾದರೂ ಆಗಿಬಂದಿದೆಯೇ ಅಂತ ಕೇಳಿ ತಿಳಿದುಕೊಂಡರು. "ಬೆಂಕಿ ಏರುವುದು" ಅಂದರೆ ಮೈಯಲ್ಲಿ ಉಷ್ಣ ಜಾಸ್ತಿಯಾಗುವುದು ಅಂತಲೂ ಅವಳಿಂದ ಆಗಲೇ ತಿಳಿಯಿತು. ಬೇರೆ ಹೊತ್ತಿನಲ್ಲಾಗಿದ್ದರೆ ಸಿದ್ದರಾಜು ಕುಣಿಯುತ್ತಿದ್ದ. ಆವತ್ತು ಸುಮ್ಮನೆ ನೆಲ ನೋಡಿದ.

ಫೋನ್ ಇಡುವ ಮೊದಲು ಹುಡುಗಿ ನನ್ನನ್ನು ಕರೆದಳು.

"ಆಂಟಿ, ಅಪ್ಪನಿಗೆ ಭಯ ಆದ್ರೆ ತುಂಬಾ ನಗ್ತಾರೆ. ನಕ್ಕರೆ ಚೆನ್ನಾಗಿದ್ದಾರೆ ಅಂದ್ಕೋಬೇಡಿ. ಯಾರಾದ್ರೂ ಪಕ್ಕದಲ್ಲಿರಿ."

ನಾನು ಲಿನ್ ಕಡೆ ನೋಡಿದೆ. ಅವರು ಡೆಂಟಲ್ ಚೇರಿನಲ್ಲಿ ಕೂತು ನಗುತ್ತಿದ್ದರು. ಕೈ ಮುಗಿದು ಗಂಜಿ ಕುಡಿದಾಗಲೂ ನಕ್ಕಿದ್ದರು. ವೀಲ್‌ಚೇರಿನಲ್ಲಿ ತಳ್ಳಿದಾಗಲೂ ನಕ್ಕಿದ್ದರು. ಬಂದಾಗಿನಿಂದ ನಾವು ಅದನ್ನೆಲ್ಲ ಸಂತೋಷ ಅಂದುಕೊಂಡಿದ್ದೆವು.

ಇಮ್ತಿಯಾಜ್ ಚೇರಿನ ಬಲಗಡೆ ನಿಂತು ಅವರ ಕೈ ಹಿಡಿದುಕೊಂಡರು. ನಾನು ಕಾಲ ಬಳಿ ನಿಂತೆ. ಹಲ್ಲು ಮರಗಟ್ಟಿಸಿ, ಮೇಲಿನಿಂದ ತೆರೆದು, ಕೀವು ಹೊರಬರಲು ದಾರಿ ಮಾಡಿದರು ಪೂರ್ಣಿಮಾ. ಕೀಳಲಿಲ್ಲ. ಇಕ್ಕಳ ಹೊರಗೇ ಬರಲಿಲ್ಲ. ಅರ್ಧ ಆಗುವಷ್ಟರಲ್ಲಿ ಲಿನ್ ನಗುವುದನ್ನು ನಿಲ್ಲಿಸಿದರು. ಹುಬ್ಬು ಸಡಿಲವಾಯಿತು. ಕಣ್ಣು ಮುಚ್ಚಿದರು. ನಾನು ಹೆದರಿ ಪೂರ್ಣಿಮಾ ಕಡೆ ನೋಡಿದರೆ, ನೋವು ಕಡಿಮೆಯಾಗಿ ಮಂಪರು ಬಂದಿದೆ ಅಷ್ಟೇ ಅಂದರು. ಎಷ್ಟು ರಾತ್ರಿ ನಿದ್ದೆಗೆಟ್ಟಿದ್ದರೋ.

ಈಗ ಜ್ವರ ಬಿಟ್ಟಿದೆ, ಊತ ಇಳಿದಿದೆ. ರೂಟ್ ಕೆನಾಲಿನ ಎರಡನೆಯ ಸಿಟ್ಟಿಂಗ್ ಆಗಿದೆ, ಕ್ಯಾಪ್ ಹಾಕುವುದು ಬಾಕಿ. ಮಂಗಳವಾರ ಶಬಾನ ಮಾಡಿದ ಕಿಚಡಿಯನ್ನು ಲಿನ್ ಎರಡು ಸಲ ಹಾಕಿಸಿಕೊಂಡು ತಿಂದರಂತೆ. ಶಬಾನ ಇದನ್ನು ಬೀದಿಯಲ್ಲಿ ಎಲ್ಲರಿಗೂ ಹೇಳಿದ್ದಾರೆ. ಮಷೀನ್ ಇನ್ನೂ ಅರ್ಧ ಜೋಡಿಸಿದ ಹಾಗೇ ನಿಂತಿದೆ. ಇನ್ನೆರಡು ಹಲ್ಲನ್ನೂ ಇಲ್ಲೇ ತೋರಿಸಿಕೊಂಡು ಹೋಗುತ್ತೇನೆ ಅಂತ ಲಿನ್ ಆ್ಯಪಿಗೆ ಹೇಳಿದ್ದಾರೆ. ಇವರು ಮಷೀನಿಗೆ ಬಂದವರೋ ಹಲ್ಲಿಗೆ ಬಂದವರೋ ಅನ್ನುವುದು ಇಮ್ತಿಯಾಜರ ಹೊಸ ಗೊಂದಲ.

ನನ್ನ ಗೊಂದಲ ಬೇರೆ. ಪರದೇಶ ಅಂದರೆ ನನ್ನ ಪಾಲಿಗೆ ಯಾವಾಗಲೂ ವಿಮಾನ ಹತ್ತಿ ಹೋಗುವ ಜಾಗ. ನಮ್ಮ ಬೀದಿ, ಈ ಗೂಡಿನ ವಾಸನೆ, ಪೂರ್ಣಿಮಾ ಕ್ಲಿನಿಕ್ಕಿನ ಮೆಟ್ಟಿಲು ಇದೆಲ್ಲ ಒಬ್ಬರಿಗೆ ಎದೆ ನಡುಗಿಸುವ ಪರದೇಶ ಆಗಬಹುದು ಅಂತ ಒಂದು ದಿನವೂ ಹೊಳೆದಿರಲಿಲ್ಲ. ನಾವು ಅಷ್ಟು ಭಯಂಕರವಾಗಿ ಕಾಣುತ್ತೇವೆಯೇ?

ಈ ಜ್ಞಾನೋದಯದ ಬಿಸಿ ಆರುವ ಮೊದಲೇ, ಬುಧವಾರ ಸಂಜೆ ಮಸ್ಕತ್ತಿನಿಂದ ನಾದಿನಿ ವನಜಾಳ ಫೋನ್. ಅಲ್ಲಿ ಶಾಲೆಯೊಂದರಲ್ಲಿ ಟೀಚರ್, ಒಬ್ಬಳೇ ಇರುತ್ತಾಳೆ. ಮಾತಿನ ನಡುವೆ, ಬಲಗಡೆ ಹಲ್ಲು ತುಂಬಾ ದಿನದಿಂದ ಜುಂ ಅನ್ನುತ್ತಿದೆ, ರಜೆಗೆ ಬಂದಾಗ ಊರಲ್ಲೇ ತೋರಿಸುತ್ತೇನೆ ಅಂದಳು.

ಸಿಕ್ಕಿದ್ದೇ ಸಾಕು ಅಂತ ನಾನು ಉಪದೇಶ ಶುರು ಮಾಡಿದೆ. ರಜೆಯವರೆಗೆ ಹಲ್ಲು ಕಾಯುವುದಿಲ್ಲ ಅಂದೆ. ಹಲ್ಲಿಗೆ ಊರು ಕೇರಿ ಇಲ್ಲ, ಎಲ್ಲ ಕಡೆಯೂ ಒಳ್ಳೆಯ ಡಾಕ್ಟರ್ ಇರುತ್ತಾರೆ ಅಂದೆ. ಇನ್ಶೂರೆನ್ಸಿನಲ್ಲಿ ಹಲ್ಲು ಸೇರಿದೆಯೇ ಅಂತ ಈಗಲೇ ಕೇಳು, ಆಗಿಬಾರದ ಔಷಧಿಯ ಹೆಸರನ್ನು ಅಲ್ಲಿನ ಭಾಷೆಯಲ್ಲಿ ಫೋನಿನಲ್ಲಿ ಇಟ್ಟುಕೋ ಅಂದೆ. ಮೂರೇ ದಿನದಲ್ಲಿ ನಾನೇ ಅರ್ಧ ಡೆಂಟಿಸ್ಟ್ ಆಗಿದ್ದೆ.

ಅವಳು ಎಲ್ಲವನ್ನೂ ತಾಳ್ಮೆಯಿಂದ ಕೇಳಿದಳು.

"ಅದೆಲ್ಲಾ ಗೊತ್ತು ಅತ್ತಿಗೆ. ಇಲ್ಲಿ ಡಾಕ್ಟ್ರು ಚೆನ್ನಾಗೇ ಇದಾರೆ, ನಮ್ ಬಿಲ್ಡಿಂಗ್ ಕೆಳಗೇ ಕ್ಲಿನಿಕ್ ಇದೆ. ತೋರಿಸ್ಕೊಂಡು ಮನೆಗೆ ಬಂದು, ಬಾಯಿ ಮರಗಟ್ಟಿ ಸುಮ್ನೆ ಕೂತಿದ್ರೆ, ಈಗ ಹೆಂಗಿದೀಯಾ ಅಂತ ಕೇಳೋಕೆ ಇಲ್ಲಿ ಯಾರಿದಾರೆ ಹೇಳಿ?"

ನೀವೇ ಹೇಳಿ, ಇದಕ್ಕೆ ಅವಳನ್ನು ಯಾವ ಡಾಕ್ಟರ ಹತ್ತಿರ ಕಳಿಸಲಿ?